ಮೊದಲು ಅರ್ಜಿ, ಬಣ್ಣ ಆಮೇಲೆ

ಕಲಬುರಗಿ, ಯಾದಗಿರಿ ಕಡೆಯ ಹಳ್ಳಿಗಳಿಂದ ನನಗೆ ಬರುವ ಫೋನ್‌ಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. "ಸಾಹೇಬ್ರ, ನಮ್ಮೂರ ಸಾಲಿ ನಿಜಾಮರ ಕಾಲದ್ದೈತ್ರಿ. ಪಾರಂಪರಿಕ ಕಟ್ಟಡ ಅಂತ ಮಾಡಿಸಬೇಕ್ರಿ. ಗ್ವಾಡಿಗೆಲ್ಲ ಸಿಮೆಂಟ್ ಹಚ್ಚಿ ಪೇಂಟ್ ಹೊಡೆಸೀವಿ, ನೀವು ಬಂದು ಫೋಟೊ ತಕ್ಕೊಂಡ್ರ ಆಯ್ತು." ಅಲ್ಲಿಗೆ ಅರ್ಧ ಕೆಲಸ ಕೆಟ್ಟಿತು ಅಂತಲೇ ಲೆಕ್ಕ.

ಸಿಟ್ಟು ಬರುತ್ತದೆ. ಆದರೆ ಊರವರು ಪಟ್ಟಿ ಎತ್ತಿ, ತಮ್ಮ ಶಾಲೆ ಚಂದ ಕಾಣಲಿ ಅಂತ ಮಾಡಿಸಿರುತ್ತಾರೆ. ಏನಂತ ಬೈಯುವುದು? ಮಾನ್ಯತೆ ಕೊಡುವವರು ಮಾತ್ರ ಚಂದ ನೋಡುವುದಿಲ್ಲ. ಕಟ್ಟಿದಾಗಿನದು ಎಷ್ಟು ಉಳಿದಿದೆ ಅಂತ ನೋಡುತ್ತಾರೆ: ಸುಣ್ಣದ ಗಚ್ಚು, ಶಹಾಬಾದ್ ಫರ್ಸಿ, ಜಂತಿ, ಬಾಗಿಲ ಚೌಕಟ್ಟು. ಬೀದರಿನ ಮಹಮೂದ್ ಗವಾನ್ ಮದ್ರಸಾ ಕೂಡ ಶಾಲೆಯೇ ಅಲ್ವಾ? 1472ರದ್ದು. 1696ರ ಸ್ಫೋಟದಲ್ಲಿ ಒಂದಷ್ಟು ಭಾಗ ಬಿದ್ದುಹೋಯಿತು, ಮುಂದಿನ ಎರಡು ಮಿನಾರ್‌ಗಳಲ್ಲಿ ಒಂದೇ ನಿಂತಿದೆ. ಅದಕ್ಕೇನು ಬೆಲೆ ಕಡಿಮೆಯಾಗಿದೆಯಾ?

ಸಿಮೆಂಟ್ ಬೇಡ ಅನ್ನುವುದು ಹಳೆಯದರ ಮೋಹದಿಂದಲ್ಲ. ಈ ಗೋಡೆಗಳು ಕಲ್ಲು, ಮಣ್ಣು, ಸುಣ್ಣದವು. ಅಡಿಪಾಯದಲ್ಲಿ ಈಗಿನ ಹಾಗೆ ತೇವ ತಡೆಯುವ ಪದರ ಇರುವುದಿಲ್ಲ. ನೆಲದ ತೇವ ಗೋಡೆಯೊಳಗೆ ಏರುತ್ತದೆ, ಸುಣ್ಣದ ಮೂಲಕ ಆರಿಹೋಗುತ್ತದೆ. ಮೇಲೆ ಸಿಮೆಂಟ್ ಮೆತ್ತಿದರೆ ಆರುವ ದಾರಿ ಮುಚ್ಚಿತು. ತೇವ ಇನ್ನೂ ಮೇಲಕ್ಕೆ ಹೋಗುತ್ತದೆ, ಜೊತೆಗೆ ಉಪ್ಪನ್ನೂ ಒಯ್ಯುತ್ತದೆ. ಆ ಉಪ್ಪು ಹರಳುಗಟ್ಟಿ ಒಳಗಿನ ಗಚ್ಚನ್ನು ಪುಡಿ ಮಾಡುತ್ತದೆ. ಹೊರಗೆ ಗೋಡೆ ಹೊಸದಾಗಿ ಕಾಣುತ್ತದೆ, ಒಳಗೆ ಉದುರುತ್ತಿರುತ್ತದೆ. ಎರೆ ನೆಲವಾದರೆ ಇನ್ನೂ ಕಷ್ಟ. ಮಳೆಗೆ ಹಿಗ್ಗುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಸುಣ್ಣ ಸ್ವಲ್ಪ ಹೊಂದಿಕೊಳ್ಳುತ್ತದೆ, ಸಿಮೆಂಟ್ ಸೀಳುತ್ತದೆ. ಸೀಳಿನಲ್ಲಿ ನೀರು ಇಳಿದ ಮೇಲೆ ಎಂಜಿನಿಯರ್ ಬಂದು 'ಶಿಥಿಲ' ಅಂತ ಬರೆದರೆ ಅವರನ್ನು ದೂರುವ ಹಾಗಿಲ್ಲ. ಮೆತ್ತಿದ್ದನ್ನು ಕೆರೆದು ತೆಗೆಯಬಹುದಾ ಅಂತ ಕೇಳುತ್ತಾರೆ. ಕೆಲವು ಸಲ ಆಗುತ್ತದೆ. ಗಟ್ಟಿಯಾಗಿ ಕಚ್ಚಿಕೊಂಡಿದ್ದರೆ ಕಲ್ಲಿನ ಮುಖವೇ ಕಿತ್ತು ಬರುತ್ತದೆ. ಗೋಡೆ ನೋಡದೆ ನಾನು ಮಾತು ಕೊಡುವುದಿಲ್ಲ.

ಚಿತ್ತಾಪುರ ಕಡೆಯ ಒಂದು ಊರಲ್ಲಿ ಬಾಗಿಲ ಮೇಲಿನ ಕಲ್ಲಿನಲ್ಲಿ 1335 ಅಂತಿತ್ತು. ಬಹಮನಿ ರಾಜ್ಯ ಶುರುವಾದದ್ದು 1347ರಲ್ಲಿ, ಹಾಗಾಗಿ ತಮ್ಮ ಶಾಲೆ ಅದಕ್ಕಿಂತ ಹಳೆಯದು ಅಂತ ಅಲ್ಲಿನ ಅಜ್ಜರೊಬ್ಬರ ವಾದ. ಅದು ಫಸಲಿ ವರ್ಷ, ನಿಜಾಮ ಸರ್ಕಾರದ ಲೆಕ್ಕ. 590 ಕೂಡಿಸಿದರೆ 1925-26. ಅಜ್ಜರ ಮುಖ ಸಣ್ಣದಾಯಿತು. ನೂರು ವರ್ಷ ಆಯ್ತಲ್ಲ ಅಜ್ಜಾ, ನಮಗೆ ಅಷ್ಟು ಸಾಕು ಅಂದೆ. ಅಂಕಿ ಏನೋ ಉಳಿದಿತ್ತು. ಅದರ ಕೆಳಗಿದ್ದ ಉರ್ದು ಸಾಲುಗಳ ಮೇಲೆ ಆಯಿಲ್ ಪೇಂಟ್ ದಪ್ಪಗೆ ಕೂತಿತ್ತು. ಕಟ್ಟಿಸಿದವರು ಯಾರು ಅನ್ನುವುದು ಅಲ್ಲೇ ಇದ್ದಿರಬೇಕು.

ಹಾಗಾಗಿ ಏನೂ ಮುಟ್ಟುವ ಮುಂಚೆ ಫೋಟೊ ತೆಗೆಯಿರಿ. ಹಳೆಯ ದಾಖಲಾತಿ ರಿಜಿಸ್ಟರ್ ಉರ್ದುವಿನಲ್ಲಿದೆ, ಓದುವವರಿಲ್ಲ ಅಂತ ರದ್ದಿಗೆ ಹಾಕಬೇಡಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಮತ್ತು ಗ್ರಾಮಸಭೆಯ ಠರಾವು ಮಾಡಿಸಿ. ಠರಾವಿನಿಂದಲೇ ಕಾನೂನಿನ ರಕ್ಷಣೆ ಸಿಗುವುದಿಲ್ಲ. ಅದು ಬೇಕಾದರೆ ರಾಜ್ಯ ಪುರಾತತ್ವ ಇಲಾಖೆಗೆ, ಸ್ಮಾರಕಗಳ ರಕ್ಷಣೆಗಿರುವ 1961ರ ರಾಜ್ಯ ಕಾಯ್ದೆಯಡಿ ಹೋಗಬೇಕು. ಸುತ್ತ 100 ಮೀಟರ್ ಮನೆ ಕಟ್ಟಲು ಬಿಡುವುದಿಲ್ಲ ಅನ್ನುವ ಭಯ ಎಲ್ಲ ಊರಲ್ಲೂ ಇದೆ. ಕೇಂದ್ರದ ಸ್ಮಾರಕ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿಯ ಆ ನಿಯಮ ಕೇಂದ್ರದ ರಕ್ಷಿತ ಸ್ಮಾರಕಗಳದ್ದು. ನಿಮ್ಮ ಶಾಲೆಗೆ ಯಾವ ನಿರ್ಬಂಧ ಬರುತ್ತದೆ ಅಂತ ಇಲಾಖೆಯನ್ನೇ ಬರಹದಲ್ಲಿ ಕೇಳಿ, ಪಕ್ಕದ ಮನೆಯವರಿಗೂ ತೋರಿಸಿ.

ಅಷ್ಟರಲ್ಲಿ ಮಾಳಿಗೆ ಸೋರಿದರೆ? ಮೇಲಿನ ಗಿಡ ಕತ್ತರಿಸಿ, ನೀರು ಹೋಗುವ ದಾರಿ ಬಿಡಿಸಿ. ಸುಣ್ಣದ ಕೆಲಸ ಗೊತ್ತಿರುವ ಗೌಂಡಿ ಸಿಗುವ ತನಕ ತಾಡಪತ್ರಿ ಹೊದಿಸಿದರೂ ನಡೆಯುತ್ತದೆ.