ಗದ್ದಕ್ಕೆ ಸಿಲಿಕೋನ್ ಸಾಕಾ, ಮೂಳೆಯೇ ಬೇಕಾ?

ಒಳಕ್ಕೆ ಹೋದ ಗದ್ದವನ್ನು ಮುಂದೆ ತರಲು ಎರಡು ದಾರಿಗಳಿವೆ. ಹೊರಗಿನ ತುಂಡೊಂದನ್ನು ಕೂರಿಸಬಹುದು, ಅದೇ ಇಂಪ್ಲಾಂಟ್. ಇಲ್ಲವೇ ನಮ್ಮದೇ ಮೂಳೆಯಲ್ಲಿ ಕೆಲಸ ಮುಗಿಸಬಹುದು. ಈ ಜಗಳ ಹಳೆಯದು.

1900ರ ಹೊತ್ತಿಗೆ ವಿಯೆನ್ನಾದ ರಾಬರ್ಟ್ ಗೆರ್ಸುನಿ ವ್ಯಾಸಲೀನನ್ನು, ಅಂದರೆ ಮೆತ್ತಗಿನ ಪ್ಯಾರಫಿನ್ ಮೇಣವನ್ನು, ಸೂಜಿಯಿಂದ ಚರ್ಮದಡಿ ತುಂಬುವುದನ್ನು ತೋರಿಸಿದರು. ಮುಖ ತಿದ್ದುವವರು ಮುಗಿಬಿದ್ದರು. ಆಮೇಲೆ ಮೇಣ ಜಾಗ ಬಿಟ್ಟು ಸರಿಯಿತು, ಗಂಟು ಕಟ್ಟಿತು, ಹುಣ್ಣಾಯಿತು. ತೆಗೆಯೋಣವೆಂದರೆ ಮಾಂಸದೊಳಗೆ ಬೆರೆತುಹೋಗಿತ್ತು.

ಮೊದಲ ಮಹಾಯುದ್ಧದಲ್ಲಿ ದವಡೆ ಛಿದ್ರವಾದ ಸೈನಿಕರಿಗೆ ಸೊಂಟದ, ಪಕ್ಕೆಲುಬಿನ ಮೂಳೆ ಕಸಿ ಮಾಡಿದರು. ಆಗ ಆಂಟಿಬಯೋಟಿಕ್ ಇರಲಿಲ್ಲ. ರಕ್ತ ಹರಿಯದ ಮೂಳೆ ತುಂಡಿಗೆ ಸೋಂಕು ತಗುಲಿದರೆ ಅಷ್ಟೇ, ಕಥೆ ಮುಗಿಯಿತು.

ಗದ್ದದ ಮೂಳೆಯನ್ನೇ ಅಡ್ಡಕ್ಕೆ ಕೊಯ್ದು ಮುಂದೆ ಜಾರಿಸುವ ಉಪಾಯವನ್ನು 1942ರಲ್ಲಿ ಹೋಫರ್ ವಿವರಿಸಿದರು. 1957ರಲ್ಲಿ ಟ್ರೌನರ್ ಮತ್ತು ಒಬ್ವೆಗೇಸರ್ ಅದನ್ನು ಬಾಯಿಯ ಒಳಗಿನಿಂದಲೇ ಮಾಡುವ ದಾರಿ ತೋರಿಸಿದರು. ಕೆಳತುಟಿಯ ಒಳಗೆ ಗಾಯ, ಹೊರಗೆ ಕಲೆಯಿಲ್ಲ. ಹಲ್ಲಿನ ಬೇರಿಗಿಂತ ಕೆಳಗೆ ಕೊಯ್ಯುತ್ತಾರೆ. ತುಂಡಿಗೆ ಅಂಟಿದ ಸ್ನಾಯುವನ್ನು ಹಾಗೇ ಬಿಡುವುದರಿಂದ ತುಂಡಿಗೆ ರಕ್ತ ಹರಿಯುತ್ತಲೇ ಇರುತ್ತದೆ. ಜಾಣತನವೆಲ್ಲ ಇರೋದು ಅಲ್ಲೇ.

ಅಷ್ಟರಲ್ಲಿ ಸಿಲಿಕೋನ್ ಬಂತು. ಕೆಲಸ ಬೇಗ, ಬೇಡವಾದರೆ ತೆಗೆಯಲೂಬಹುದು. ಆದರೆ 1969ರಲ್ಲಿ ರಾಬಿನ್ಸನ್ ಮತ್ತು ಶುಕೆನ್ ಒಂದು ತಲೆನೋವು ತೋರಿಸಿದರು: ಇಂಪ್ಲಾಂಟಿನ ಅಡಿಯ ಮೂಳೆ ಸವೆಯುತ್ತಿತ್ತು. ತುಂಡು ಮೇಲಕ್ಕೆ, ತೆಳು ಮೂಳೆಯ ಮೇಲೆ ಕೂತರೆ ಹಲ್ಲಿನ ಬೇರಿಗೇ ಕುತ್ತು. ಗದ್ದದ ಕೆಳ ಅಂಚಿನ ಗಟ್ಟಿ ಮೂಳೆಯ ಮೇಲೆ ಕೂರಿಸಿದರೆ ಅಷ್ಟು ಭಯವಿಲ್ಲ. ಸ್ವಲ್ಪ ಅಂದ ತಿದ್ದಲು ಅದು ಸಾಕು. ಜಾಸ್ತಿ ಮುಂದೆ ತರಬೇಕಾದರೆ, ಎತ್ತರವನ್ನೂ ಬದಲಿಸಬೇಕಾದರೆ, ಮೂಳೆ ಜಾರಿಸುವುದೇ ಮೇಲು ಅನ್ನಿಸುತ್ತದೆ.

ದವಡೆಯೇ ಹೋದಾಗ ಮಾತು ಬೇರೆ. ನಮ್ಮಲ್ಲಿ ಗುಟ್ಕಾ, ತಂಬಾಕಿನಿಂದ ಬಾಯಿ ಕ್ಯಾನ್ಸರ್ ಎಷ್ಟು ಜಾಸ್ತಿ ಗೊತ್ತಲ್ವಾ? ಅದಕ್ಕೆ ಕೆಲವೊಮ್ಮೆ ದವಡೆಯನ್ನೇ ಕೊಯ್ದು ತೆಗೆಯಬೇಕಾಗುತ್ತದೆ. ಬರೀ ಟೈಟಾನಿಯಂ ಪ್ಲೇಟ್ ಹಾಕಿದರೆ ಅಗಿದು ಅಗಿದು ಮುರಿಯಬಹುದು. ರೇಡಿಯೇಷನ್ ಆದವರಲ್ಲಿ ಚರ್ಮ ಸೀಳಿ ಹೊರಬರಲೂಬಹುದು. 1989ರಲ್ಲಿ ಅಮೆರಿಕದ ಹಿಡಾಲ್ಗೊ, ಮೊಣಕಾಲ ಕೆಳಗಿನ ತೆಳು ಮೂಳೆ ಫಿಬುಲಾವನ್ನು ಅದರ ರಕ್ತನಾಳದ ಸಮೇತ ತೆಗೆದು ದವಡೆ ಕಟ್ಟುವುದನ್ನು ವರದಿ ಮಾಡಿದರು. ಮೂಳೆಯನ್ನು ಅಲ್ಲಲ್ಲಿ ಕೊಯ್ದು ದವಡೆಯಂತೆ ಬಾಗಿಸಿ, ನಾಳವನ್ನು ಮೈಕ್ರೋಸ್ಕೋಪಿನಡಿ ಕತ್ತಿನ ನಾಳಕ್ಕೆ ಹೊಲಿಯುತ್ತಾರೆ. ಮುಂದೆ ಅದರಲ್ಲೇ ಕೃತಕ ಹಲ್ಲು ನಿಲ್ಲಿಸುವ ಸ್ಕ್ರೂ ಕೂರಿಸಬಹುದು. ಅಂದರೆ ಕೊನೆಗೆ ಮೂಳೆಗೂ ಇಂಪ್ಲಾಂಟ್ ಬೇಕಾಯಿತು!

ಎಲ್ಲರಿಗೂ ಇದು ಆಗುವುದಿಲ್ಲ. ಕೆಲವರ ಪಾದಕ್ಕೆ ಮುಖ್ಯವಾಗಿ ಫಿಬುಲಾದ ಆ ನಾಳದಿಂದಲೇ ರಕ್ತ ಹೋಗುತ್ತದೆ. ಅದಕ್ಕೇ ಮೊದಲು ಕಾಲಿನ ಸ್ಕ್ಯಾನ್ ಮಾಡಿಸುತ್ತಾರೆ, ದವಡೆಯ ಮಾತು ಆಮೇಲೆ.