ಕಾರ್ಪ್ಸಿಂಗ್: ಸತ್ತ ಪಾತ್ರಕ್ಕೆ ನಗು ಬಂದರೆ

ಶರಣಬಸವೇಶ್ವರ ಜಾತ್ರೆಗೆ ಕಲಬುರಗಿಗೆ ಬರುವ ಕಂಪನಿ ನಾಟಕಗಳನ್ನು ನೋಡಿದವರಿಗೆ ಕಾರ್ಪ್ಸಿಂಗ್ ಅನ್ನುವ ಪದ ಹೊಸದಿರಬಹುದು, ಸಂಗತಿ ಮಾತ್ರ ಹಳೇದು. ಸತ್ತು ಬಿದ್ದ ರಾಜನ ಮೂಗಿನ ಮೇಲೆ ಸೊಳ್ಳೆ ಕೂರುತ್ತದೆ. ಪಕ್ಕದಲ್ಲಿ ಗೋಳಾಡುತ್ತಿರುವವನು ಅದನ್ನು ನೋಡಿಬಿಡುತ್ತಾನೆ, ಅಳು ಎತ್ತಲೋ ಹೋಗಿ ಅವನ ಹೆಗಲು ಕುಣಿಯತೊಡಗುತ್ತದೆ. ಹೀಗೆ ನಗಬಾರದ ಹೊತ್ತಲ್ಲಿ ನಟನಿಗೆ ನಗು ಒತ್ತರಿಸಿ ಬರುವುದನ್ನು ಇಂಗ್ಲೆಂಡಿನ ರಂಗಭೂಮಿಯವರು ಕಾರ್ಪ್ಸಿಂಗ್ ಅನ್ನುತ್ತಾರೆ. ಕಾರ್ಪ್ಸ್ ಅಂದರೆ ಹೆಣ. ಹೆಣವಾಗಿ ಮಲಗಿದವನನ್ನು ನಗಿಸುವ ಕಿಡಿಗೇಡಿತನದಿಂದ ಈ ಮಾತು ಹುಟ್ಟಿತು ಅಂತ ಸಾಮಾನ್ಯವಾಗಿ ಹೇಳುತ್ತಾರೆ.

ನಮ್ಮಲ್ಲಿ ಇದರಿಂದ ಪಾರಾಗಲು ದಾರಿ ಇದೆ. ಮುಖ ತಿರುಗಿಸಬಹುದು, ಇನ್ನೊಬ್ಬ ಎರಡು ಮಾತು ಸೇರಿಸಿ ಹೊತ್ತು ನೂಕಬಹುದು, ಹಾಡುವವನು ಸಾವರಿಸಿಕೊಳ್ಳುವ ತನಕ ಪೇಟಿ ಮಾಸ್ತರರು ಅದೇ ಸಾಲನ್ನು ಮತ್ತೆ ಮತ್ತೆ ನುಡಿಸುತ್ತಾ ಕಾಯುತ್ತಾರೆ. ಯುರೋಪಿನ ಸಂಗೀತ ನಾಟಕವಾದ ಆಪೆರಾದಲ್ಲಿ ಯಾರೂ ಕಾಯುವುದಿಲ್ಲ. ಅಲ್ಲಿ ಕಥೆ ಹೆಚ್ಚುಕಡಿಮೆ ಪೂರ್ತಿ ಹಾಡಿನಲ್ಲೇ ಸಾಗುತ್ತದೆ, ವೇದಿಕೆ ಮುಂದಿನ ತಗ್ಗಿನಲ್ಲಿ ಕೂತ ಹತ್ತಾರು ವಾದ್ಯಗಾರರು ಬರೆದಿಟ್ಟ ಸ್ವರ ನುಡಿಸುತ್ತಾ ಮುಂದೆ ಹೋಗುತ್ತಲೇ ಇರುತ್ತಾರೆ. ಸಾಮಾನ್ಯವಾಗಿ ಮೈಕೂ ಇರುವುದಿಲ್ಲ. ಅಷ್ಟು ವಾದ್ಯಗಳ ಮೇಲೆ ದನಿ ಕೇಳಿಸಬೇಕಾದರೆ ಹೊಟ್ಟೆ, ಪಕ್ಕೆ ಬಿಗಿಹಿಡಿದು ಉಸಿರನ್ನು ಹದವಾಗಿ ಬಿಡಬೇಕು. ನಗು ಬಂದರೆ ಮೊದಲು ಅದುರುವುದು ಅದೇ ಹೊಟ್ಟೆ, ಅಲ್ವಾ? ಹಾಡು ಅಲ್ಲೇ ಮುರಿಯುತ್ತದೆ.

ಅದರಲ್ಲೂ ಸಾಯುವ ಪಾತ್ರದ ಪಾಡು ಜಾಸ್ತಿ ಕಷ್ಟ. ಇಟಲಿಯ ಸಂಗೀತ ಸಂಯೋಜಕ ವರ್ದಿಯ 'ರಿಗೊಲೆಟೊ' ಆಪೆರಾದಲ್ಲಿ ಇರಿತಕ್ಕೊಳಗಾದ ಜಿಲ್ಡಾಳನ್ನು ಚೀಲಕ್ಕೆ ತುಂಬಿರುತ್ತಾರೆ. ತಂದೆ ಚೀಲ ಬಿಚ್ಚಿದ ಮೇಲೆ ಅವಳು ಅವನ ಜೊತೆ ಹಾಡಿಯೇ ಪ್ರಾಣ ಬಿಡುತ್ತಾಳೆ. ಅಷ್ಟು ಹಾಡಿ ಏದುಸಿರು ಬಿಡುತ್ತಿರುವವಳು ತಕ್ಷಣ ಹೆಣದಂತೆ ಅಲ್ಲಾಡದೆ ಬಿದ್ದಿರಬೇಕು!

ನಗು ಪ್ರೇಕ್ಷಕರ ಕಡೆಯಿಂದಲೂ ಬರುತ್ತದೆ. 1853ರಲ್ಲಿ ವೆನಿಸ್‌ನಲ್ಲಿ ವರ್ದಿಯದೇ ಆಪೆರಾ 'ಲಾ ಟ್ರಾವಿಯಾಟಾ' ಮೊದಲ ಸಲ ಆಡಿದಾಗ, ಕ್ಷಯದಿಂದ ಸೊರಗಿ ಸಾಯಬೇಕಾದ ನಾಯಕಿಯಾಗಿ ಹಾಡಿದ ಫ್ಯಾನಿ ಸಾಲ್ವಿನಿ-ಡೊನಾಟೆಲ್ಲಿ ಮೈತುಂಬಿಕೊಂಡಿದ್ದರು ಅಂತ ಜನ ನಕ್ಕರು. ಮೊದಲ ಅಂಕದಲ್ಲಿ ಅವರ ಹಾಡಿಗೆ ಚಪ್ಪಾಳೆ ತಟ್ಟಿದ್ದೂ ಇದೇ ಜನ. ನನಗೆ ಇದು ಅನ್ಯಾಯ ಅನ್ನಿಸುತ್ತದೆ.

ಆಪೆರಾ ಗಾಯಕ ಲಿಯೋ ಸ್ಲೆಝಾಕ್ ಕಥೆ ಮಾತ್ರ ಕೇಳಿದಾಗಲೆಲ್ಲ ಖುಷಿ ಕೊಡುತ್ತದೆ. ಜರ್ಮನ್ ಸಂಯೋಜಕ ವಾಗ್ನರ್‌ನ 'ಲೋಹೆನ್‌ಗ್ರಿನ್' ಆಪೆರಾದ ನಾಯಕ ಹಂಸ ಎಳೆಯುವ ದೋಣಿಯಲ್ಲಿ ಬರುತ್ತಾನೆ, ಕೊನೆಗೆ ಅದೇ ದೋಣಿ ಹತ್ತಿ ಹೋಗುತ್ತಾನೆ. ಒಮ್ಮೆ ಆ ಪಾತ್ರದಲ್ಲಿದ್ದ ಸ್ಲೆಝಾಕ್ ಹತ್ತುವ ಮೊದಲೇ ದೋಣಿಯನ್ನು ಎಳೆದುಬಿಟ್ಟರಂತೆ. ಅವರು ಪಕ್ಕಕ್ಕೆ ತಿರುಗಿ, "ಮುಂದಿನ ಹಂಸ ಎಷ್ಟು ಗಂಟೆಗೆ?" ಅಂದರಂತೆ. ಅವರೇನೋ ಕೇಳಿಬಿಟ್ಟರು, ಅದು ಕಿವಿಗೆ ಬಿದ್ದ ಮೇಲೂ ಮುಖ ಗಂಭೀರವಾಗಿಟ್ಟುಕೊಂಡು ಹಾಡಬೇಕಾದ ಉಳಿದವರ ಸ್ಥಿತಿ ಯೋಚಿಸಿ.

ಇದಕ್ಕೆ ನಟರು ಮಾಡುವ ಉಪಾಯ ಸರಳ. ಎದುರಿನವರ ಕಣ್ಣು ಬಿಟ್ಟು ಹಣೆ ನೋಡುತ್ತಾರೆ, ಇಲ್ಲವೇ ಕೆನ್ನೆಯನ್ನು ಒಳಗಿನಿಂದ ಕಚ್ಚಿ ಹಿಡಿಯುತ್ತಾರೆ. ಹಾಡುವವರು ಕೆನ್ನೆ ಕಚ್ಚುವಂತಿಲ್ಲ, ಬಾಯಿ ತೆರೆದೇ ಇರಬೇಕಲ್ಲ. ಹಾಗಾಗಿ ಅವರಿಗೆ ಉಳಿಯುವುದು ಒಂದೇ: ಕಣ್ಣನ್ನು ತಗ್ಗಿನಲ್ಲಿ ಕೋಲು ಆಡಿಸಿ ವಾದ್ಯಗಾರರನ್ನು ನಡೆಸುವ ಕಂಡಕ್ಟರ್ ಮೇಲೆ ನೆಟ್ಟು ಮುಂದಿನ ಸ್ವರ ಹಿಡಿಯುವುದು.