ರಕ್ತದ್ದೋ, ನೀರಿನದ್ದೋ: ಒಂದು ಹಳೆಯ ಪ್ರಶ್ನೆಯ ಹಿನ್ನೆಲೆ

ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳ ಅನೇಕ ಊರುಗಳಲ್ಲಿ ಕೊಳವೆಬಾವಿಯ ನೀರಿನ ಫ್ಲೋರೈಡ್ ಅಂಶ ಲೀಟರಿಗೆ 1.5 ಮಿಲಿಗ್ರಾಂ ಎಂಬ ಕುಡಿಯುವ ನೀರಿನ ಮಿತಿಯನ್ನು ದಾಟುತ್ತದೆ. ಮಿತಿ ಮೀರಿದ ಫ್ಲೋರೈಡ್ ಹಲ್ಲು, ಮೂಳೆಗಳನ್ನು ಕೆಡಿಸುತ್ತದೆ. ಆದರೂ ಅದೇ ನೀರು ಕುಡಿದವರೆಲ್ಲರ ಮೂಳೆ ಒಂದೇ ಬಗೆಯಲ್ಲಿ ಕೆಡುವುದಿಲ್ಲ. ಈ ವ್ಯತ್ಯಾಸಕ್ಕೆ ‘ಅವರ ವಂಶದಲ್ಲೇ ಐತಿ’ ಎಂಬ ವಿವರಣೆ ಸುಲಭವಾಗಿ ಸಿಗುತ್ತದೆ. ಒಮ್ಮೆ ಹಾಗೆಂದುಬಿಟ್ಟರೆ ನೀರಿನ ಮಾತು ಹಿಂದಕ್ಕೆ ಸರಿಯುತ್ತದೆ ಎಂಬುದನ್ನೂ ಇಲ್ಲಿ ಹೇಳಬೇಕು.

ತಪ್ಪು ಎರಡೂ ದಿಕ್ಕಿನಲ್ಲಿ ನಡೆದಿದೆ. 1970ರ ದಶಕದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಕೀಲುಗಳ ಕಾಯಿಲೆ ಕಂಡಾಗ ಮೊದಲು ಅನುಮಾನ ಬಿದ್ದದ್ದು ಗದ್ದೆಯ ಏಡಿಗಳ ಮೂಲಕ ಒಳಸೇರಿದ ಕೀಟನಾಶಕದ ಮೇಲೆ. ಕುಟುಂಬಗಳ ತಲೆಮಾರುಗಳನ್ನು ಬರೆದಿಟ್ಟು ನೋಡಿದ ಮೇಲೆ ಅದು ಆನುವಂಶಿಕವೆಂದು ತಿಳಿಯಿತು. ನಾರ್ವೆಯಲ್ಲಿ 1934ರಲ್ಲಿ ಒಡಹುಟ್ಟಿದ ಇಬ್ಬರು ಮಕ್ಕಳಲ್ಲಿ ಗುರುತಿಸಲಾದ ಫಿನೈಲ್‌ಕೀಟೋನ್ಯೂರಿಯಾದ ಕಥೆ ಬೇರೆಯದು. ಅದು ಹುಟ್ಟಿನಿಂದಲೇ ಬರುವ ಕಾಯಿಲೆ, ಆದರೂ ಶಿಶುವಿನ ಆಹಾರವನ್ನು ಬದಲಿಸಿದರೆ ಬುದ್ಧಿಗೆ ಆಗುವ ಹಾನಿಯನ್ನು ತಡೆಯಬಹುದು. ಅಂದರೆ ರಕ್ತ ಮತ್ತು ಪರಿಸರ ಒಂದನ್ನೊಂದು ತಳ್ಳಿಹಾಕುವ ಉತ್ತರಗಳಲ್ಲ.

ಎರಡನ್ನೂ ಒಟ್ಟಿಗೆ ಅಳೆಯುವುದು ಹೇಗೆ? ರೋಗಿಗಳ ಗುಂಪನ್ನು ಆರೋಗ್ಯವಂತರ ಗುಂಪಿನೊಂದಿಗೆ ಹೋಲಿಸುವುದು ಸರಳ ದಾರಿ. ಆದರೆ ಜಾತಿಯೊಳಗೇ ಮದುವೆಯಾಗುವ ನಮ್ಮಲ್ಲಿ ಎರಡು ಗುಂಪುಗಳ ಜೀನ್‌ಗಳ ನಡುವೆ ಕಾಯಿಲೆಗೆ ಸಂಬಂಧವೇ ಇಲ್ಲದ ವ್ಯತ್ಯಾಸಗಳಿರುತ್ತವೆ. ಅಮೆರಿಕದಲ್ಲಿ 1993ರಲ್ಲಿ ಮಧುಮೇಹದ ಸಂಶೋಧನೆಗಾಗಿ ರೂಪಿಸಿದ ಪರೀಕ್ಷೆ ಈ ತೊಡಕನ್ನು ಜಾಣತನದಿಂದ ದಾಟಿತು: ತಂದೆತಾಯಿಯಿಂದ ರೋಗಿಗೆ ದಾಟಿದ ಜೀನ್ ರೂಪವನ್ನು, ಅವರಲ್ಲೇ ಇದ್ದೂ ದಾಟದ ರೂಪದೊಂದಿಗೆ ಹೋಲಿಸಲಾಯಿತು. ಆದರೆ ಒಂದೇ ಜೀನಿನ ಎರಡು ಬೇರೆ ರೂಪಗಳನ್ನು ಹೊತ್ತ ತಂದೆ ಅಥವಾ ತಾಯಿಯಿಂದ ಮಾತ್ರ ಇಲ್ಲಿ ಮಾಹಿತಿ ಸಿಗುತ್ತದೆ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ಸೀಮೆಯಲ್ಲಿ ಎರಡೂ ಕಡೆಯಿಂದ ಒಂದೇ ರೂಪ ಬರುವ ಸಂಭವ ಹೆಚ್ಚು, ಹಾಗಾಗಿ ಅಂಥವರ ಸಂಖ್ಯೆ ಕಡಿಮೆಯಾಗುತ್ತದೆ.

ರೋಗಿಯನ್ನು ಅವರ ಒಡಹುಟ್ಟಿದವರೊಂದಿಗೆ ಹೋಲಿಸುವುದು ಇನ್ನೊಂದು ದಾರಿ. ಅದರಲ್ಲೂ ಒಂದು ತೊಡಕಿದೆ. ಒಂದೇ ಅಡುಗೆಮನೆ, ಒಂದೇ ಕೊಡ, ಒಂದೇ ರೊಟ್ಟಿ. ಪರಿಸರದಲ್ಲಿ ವ್ಯತ್ಯಾಸವೇ ಇಲ್ಲದಿದ್ದರೆ ಅದರ ಪ್ರಭಾವವನ್ನು ಅಳೆಯಲಾಗದು. ಈ ಸೀಮೆಯಲ್ಲಿ ಆ ವ್ಯತ್ಯಾಸವನ್ನು ಒದಗಿಸಬಲ್ಲವರು ಹೆಣ್ಣುಮಕ್ಕಳು. ಮದುವೆಯಾಗಿ ಬೇರೆ ಊರಿಗೆ ಹೋದ ತಂಗಿ ಅಣ್ಣನ ಅರ್ಧದಷ್ಟು ಜೀನ್‌ಗಳೊಂದಿಗೆ ಬೇರೆ ನೀರು ಕುಡಿಯುತ್ತಾಳೆ. ಸೊಸೆ ಬೇರೆ ಜೀನ್‌ಗಳೊಂದಿಗೆ ಇದೇ ನೀರು ಕುಡಿಯುತ್ತಾಳೆ, ಸಂಬಂಧದೊಳಗಿನ ಸೊಸೆಯಾದರೆ ಅದೂ ಪೂರ್ತಿ ಬೇರೆಯಲ್ಲ. ಹಲ್ಲಿನ ಕಲೆ ಎಂಟು ವರ್ಷದೊಳಗೆ ಕುಡಿದ ನೀರಿನ ಗುರುತಾದ್ದರಿಂದ ಅವಳ ಹಲ್ಲು ತವರಿನ ನೀರನ್ನು ಹೇಳುತ್ತದೆ, ಮೂಳೆಯಲ್ಲಿ ಗಂಡನ ಮನೆಯ ನೀರೂ ಸೇರಿಕೊಳ್ಳುತ್ತದೆ. ಇಷ್ಟು ಹೇಳಬಲ್ಲವಳನ್ನು ಮನೆಯ ಯಜಮಾನನ ಹೆಸರಿನಲ್ಲಿ ತುಂಬುವ ಸಮೀಕ್ಷೆಯ ನಮೂನೆಗಳು ಗಮನಿಸುವುದು ಕಡಿಮೆ.

ಫ್ಲೋರೈಡಿನ ಮಟ್ಟಿಗೆ ಜೀನಿನ ಪಾತ್ರ ಬರೀ ಊಹೆಯಲ್ಲ. ಒಂದೇ ಪ್ರಮಾಣದ ಫ್ಲೋರೈಡ್ ನೀರು ಕುಡಿದ ಇಲಿಗಳಲ್ಲಿ ಕೆಲವು ತಳಿಗಳ ಹಲ್ಲು ಬೇಗ ಕೆಟ್ಟು, ಕೆಲವು ತಳಿಗಳದ್ದು ಬಹುಪಾಲು ಉಳಿದುದನ್ನು ಪ್ರಯೋಗಾಲಯಗಳು ಕಂಡಿವೆ. ಆದರೆ ಫ್ಲೋರೈಡ್ ಇಲ್ಲದ ನೀರಿನಲ್ಲಿ ಯಾವ ತಳಿಗೂ ಈ ರೋಗವಿಲ್ಲ.

ಮನುಷ್ಯರಲ್ಲಿ ಇದನ್ನು ತಿಳಿಯಲು ಎರಡು ದಾಖಲೆ ಬೇಕು. ಉತ್ತರ ಕರ್ನಾಟಕದಲ್ಲಿ ಹೆಳವರು ಮನೆತನಗಳ ತಲೆಮಾರುಗಳನ್ನು ಇಂದಿಗೂ ಓದಿ ಹೇಳುತ್ತಾರೆ. ಆದರೆ ಯಾವ ಓಣಿಯವರು ಯಾವ ವರ್ಷ ಯಾವ ಬೋರಿನ ನೀರು ಕುಡಿದರು, ಅದು ಬತ್ತಿದಾಗ ಎಷ್ಟು ಅಡಿ ಆಳಕ್ಕೆ ಹೋದರು ಎಂಬ ಲೆಕ್ಕಕ್ಕೆ ಇನ್ನೂ ಹಿರಿಯರ ನೆನಪನ್ನೇ ಕೇಳಬೇಕಾಗಿದೆ.